ಬಿದ್ದ ಹಲ್ಲಿನ ಬೇರು ಉಜ್ಜಬೇಡಿ

ಕೇಳುಗರಿಗೆ ನಮಸ್ಕಾರ. ಕೊಡಗಿನಲ್ಲಿ ಬೇಸಿಗೆ ಅಂದರೆ ಹಾಕಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಅಜ್ಜನೂ ಸ್ಟಿಕ್ ಹಿಡಿಯುತ್ತಾರೆ, ಮೊಮ್ಮಗನೂ ಹಿಡಿಯುತ್ತಾನೆ. ಚೆಂಡು ಬಾಯಿಗೆ ಬಡಿದು ಮುಂದಿನ ಹಲ್ಲು ಬೇರುಸಮೇತ ಕಿತ್ತುಬಂತು ಅಂತಿಟ್ಟುಕೊಳ್ಳಿ. ಮಣ್ಣಾಗಿದೆ ಅಂತ ನಲ್ಲಿ ಕೆಳಗೆ ಹಿಡಿದು ತಿಕ್ಕುತ್ತೇವೆ. ಕೆಡುವುದೇ ಅಲ್ಲಿ.

ಹಲ್ಲಿನ ಮೇಲ್ಭಾಗಕ್ಕೆ ಎನಾಮೆಲ್ ಹೊದಿಕೆ. ಬೇರಿಗೆ ಬೇರೆಯದೇ ಹೊದಿಕೆ, ಹೆಸರು ಸಿಮೆಂಟಮ್. ಗಾರೆ ಕೆಲಸ ನೆನಪಾಯಿತು, ಅಲ್ವಾ? ಇಲ್ಲಿಯ ಗಾರೆಯವರು ಸಿಮೆಂಟೋಬ್ಲಾಸ್ಟ್ ಎಂಬ ಜೀವಕೋಶಗಳು. ಎನಾಮೆಲ್ ಕಟ್ಟಿದ ಕೋಶಗಳು ಹಲ್ಲು ಬಾಯಿಗೆ ಬರುವ ಹೊತ್ತಿಗೆ ಇಲ್ಲವಾಗುತ್ತವೆ. ಅದಕ್ಕೇ ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಬೇರಿನವು ಹಾಗಲ್ಲ. ಜೀವ ಇರುವವರೆಗೂ ಪದರದ ಮೇಲೆ ಪದರ ಹಾಕುತ್ತಲೇ ಇರುತ್ತವೆ. ಕೆಲವು ತಾವು ಕಟ್ಟಿದ ಗೋಡೆಯೊಳಗೇ ಸಿಕ್ಕಿಬೀಳುತ್ತವೆ, ಪಾಪ. ಒಸಡಿನ ಹತ್ತಿರ ಈ ಹೊದಿಕೆ 20ರಿಂದ 50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಬೇರಿನ ತುದಿಯಲ್ಲಿ 150ರಿಂದ 200.

ಇಷ್ಟು ತೆಳುವಾದದ್ದು ಹಲ್ಲನ್ನು ಹೇಗೆ ಹಿಡಿದಿಡುತ್ತದೆ? ತೋಟದಲ್ಲಿ ಮೆಣಸಿನ ಬಳ್ಳಿ ನೋಡಿದ್ದೀರಲ್ಲ, ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ತೊಗಟೆ ಕಚ್ಚಿಕೊಂಡಿರುತ್ತದೆ. ಹಾಗೆ ಸಾವಿರಾರು ನಾರುಗಳ ಒಂದು ತುದಿ ಸಿಮೆಂಟಮ್‌ನಲ್ಲಿ, ಇನ್ನೊಂದು ದವಡೆ ಮೂಳೆಯಲ್ಲಿ ಹೂತಿರುತ್ತದೆ.

ಹಲ್ಲು ಕಿತ್ತಾಗ ನಾರು ಹರಿಯುತ್ತದೆ. ಆದರೆ ಅರ್ಧ ನಾರು, ಜೊತೆಗೆ ಜೀವಂತ ಕೋಶಗಳು ಬೇರಿಗೇ ಅಂಟಿಕೊಂಡಿರುತ್ತವೆ. ಉಜ್ಜಿದರೆ ಕಿತ್ತುಹೋಗುತ್ತವೆ, ಒಣಗಿದರೆ ಸಾಯುತ್ತವೆ. ಅವು ಸತ್ತ ಮೇಲೆ ಹಲ್ಲು ಕೂರಿಸಿದರೆ ಮೂಳೆ ನೇರವಾಗಿ ಬೇರಿಗೆ ಬೆಸೆದುಕೊಂಡು, ವರ್ಷಗಟ್ಟಲೆ ನಿಧಾನವಾಗಿ ಬೇರನ್ನೇ ತಿನ್ನುತ್ತದೆ.

ಹಾಗಾಗಿ ಹಲ್ಲನ್ನು ಬಿಳಿ ಭಾಗದಲ್ಲಿ ಹಿಡಿಯಿರಿ. ಬೇರು ಮುಟ್ಟಬೇಡಿ. ಮಣ್ಣಿದ್ದರೆ ನೀರಿನಲ್ಲಿ ಸುಮ್ನೆ ಒಂದೆರಡು ಸಲ ಅದ್ದಿ ತೆಗೆಯಿರಿ. ಸಾಧ್ಯವಾದರೆ ಅಲ್ಲೇ ಹಲ್ಲಿದ್ದ ಗುಳಿಯಲ್ಲಿ ಕೂರಿಸಿ, ಬಟ್ಟೆ ಕಚ್ಚಿಸಿ ಹೊರಡಿ. ಧೈರ್ಯ ಬರದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿ ಒಯ್ಯಿರಿ. ಅರ್ಧ ಗಂಟೆಯೊಳಗೆ ವೈದ್ಯರ ಬಳಿ ಹೋದರೆ ಒಳ್ಳೆಯದು. ನಮ್ಮ ತಿರುವಿನ ರಸ್ತೆಗಳಲ್ಲಿ ಮಡಿಕೇರಿಯೋ ವಿರಾಜಪೇಟೆಯೋ ಸೇರುವುದು ತಡವಾಗಬಹುದು, ಆಗ ಹಾಲೇ ಗತಿ. ಮೈದಾನದ ಕ್ಯಾಂಟೀನಿನಲ್ಲಿ ಕೇಳಿ, ಕಾಫಿಗೆ ಕಾಯಿಸುವ ಮೊದಲೇ.

ಹಾಲುಹಲ್ಲಾದರೆ ಮಾತ್ರ ಕೂರಿಸಬೇಡಿ. ಒಳಗೆ ಬರುತ್ತಿರುವ ಹೊಸ ಹಲ್ಲಿಗೆ ಪೆಟ್ಟಾದೀತು.