ಅಂಗಳದ ನಿತ್ಯಪುಷ್ಪ

ಕೇಳುಗರಿಗೆ ನಮಸ್ಕಾರ.

ಕಾರವಾರದ ನಮ್ಮ ಮನೆಯ ಚಿರೆಕಲ್ಲಿನ ಪಾಗಾರದ ಸಂದಿಯಲ್ಲಿ ಒಂದು ನಿತ್ಯಪುಷ್ಪದ ಗಿಡವಿದೆ. ಯಾರೂ ನೆಟ್ಟದ್ದಲ್ಲ. ಐದೆಸಳಿನ ಗುಲಾಬಿ ಹೂವು, ನಡುವೆ ಕಡುಬಣ್ಣದ ಚುಕ್ಕೆ. ಕಾಶಿ ಕಣಗಿಲೆ ಅಂದರೂ ಇದೇ. ಉಪ್ಪುಗಾಳಿಗೂ ಜಗ್ಗುವುದಿಲ್ಲ. ಮಕ್ಕಳ ರಕ್ತ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟೀನ್ ಸಿಕ್ಕಿದ್ದು ಇದೇ ಜಾತಿಯ ಗಿಡದಲ್ಲಿ.

ಜಮೈಕಾದಲ್ಲಿ ಜನ ಈ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅದರ ಸಾರವನ್ನು ಇಲಿಗಳಿಗೆ ಕೊಟ್ಟು ನೋಡಿದರು. ಇಳಿದದ್ದು ಸಕ್ಕರೆಯಲ್ಲ, ರಕ್ತದ ಬಿಳಿ ಕಣ. ರಕ್ತ ಕ್ಯಾನ್ಸರಿನಲ್ಲಿ ಹತೋಟಿ ತಪ್ಪುವುದೂ ಬಿಳಿ ಕಣಗಳೇ ಅಲ್ವಾ? ಆ ಜಾಡು ಹಿಡಿದು ಮೊದಲು ವಿನ್‌ಬ್ಲಾಸ್ಟಿನ್ ಎಂಬ ಔಷಧಿ ಸಿಕ್ಕಿತು, ಆಮೇಲೆ ವಿನ್‌ಕ್ರಿಸ್ಟೀನ್. 1963ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆಯಾಯಿತು.

ಒಂದು ಕಣ ಎರಡಾಗಬೇಕಾದರೆ ಒಳಗೆ ಸಣ್ಣ ಸಣ್ಣ ನೂಲು ಕಟ್ಟಿಕೊಳ್ಳಬೇಕು. ಈ ಔಷಧಿ ಆ ನೂಲು ಕಟ್ಟಲು ಬಿಡುವುದಿಲ್ಲ. ಅರ್ಧಕ್ಕೆ ನಿಂತ ಕಣ ಸಾಯುತ್ತದೆ. ಇದೊಂದರಿಂದಲೇ ಮಗು ಗುಣವಾಗುವುದಿಲ್ಲ, ಬೇರೆ ಔಷಧಿಗಳೂ ಜೊತೆಗೆ ಬೇಕು. ಆದರೆ ಹಾಗೆ ಪೂರ್ತಿ ಚಿಕಿತ್ಸೆ ಸಿಗುವ ದೇಶಗಳಲ್ಲಿ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತ ಕ್ಯಾನ್ಸರಿನಿಂದ 100ಕ್ಕೆ ಸುಮಾರು 90 ಮಕ್ಕಳು ಬದುಕುತ್ತಾರೆ. ಇದನ್ನು ಹೇಳುವಾಗ ನನಗೆ ಪ್ರತಿಸಲವೂ ಗಂಟಲು ತುಂಬಿ ಬರುತ್ತದೆ.

ನಮ್ಮ ಘಟ್ಟದ ಕಾಡಲ್ಲೂ ಅಂಥದ್ದೊಂದಿದೆ, ದುರ್ವಾಸನೆ ಮರ. ಅದರಲ್ಲಿರುವ ಕ್ಯಾಂಪ್ಟೋಥೆಸಿನ್ ಎಂಬ ರಾಸಾಯನಿಕದಿಂದ ಟೋಪೋಟೆಕಾನ್ ಎಂಬ ಕ್ಯಾನ್ಸರ್ ಔಷಧಿ ತಯಾರಿಸುತ್ತಾರೆ. ಮಕ್ಕಳ ನರದ ಕ್ಯಾನ್ಸರ್ ಗಡ್ಡೆ ಮರುಕಳಿಸಿದಾಗ ಅದನ್ನೂ ಕೊಡುವುದುಂಟು. ದುಡ್ಡಿನಾಸೆಗೆ ಆ ಮರವನ್ನು ಪಶ್ಚಿಮ ಘಟ್ಟದಲ್ಲಿ ಕಡಿದು ಕಡಿದು ಅಪರೂಪ ಮಾಡಿಬಿಟ್ಟರು.

ಮೊನ್ನೆ ಪಕ್ಕದ ಮನೆಯ ಅಕ್ಕ ಪಾಗಾರದ ಹತ್ತಿರ ಬಂದು ಕೇಳಿದರು. "ತಂಗಿ ಮಗನಿಗೆ ರಕ್ತ ಕ್ಯಾನ್ಸರಿಗೆ ಇದೇ ವಿನ್‌ಕ್ರಿಸ್ಟೀನ್ ಇಂಜೆಕ್ಷನ್ ನಡೀತಾ ಇದೆ. ಈ ನಿತ್ಯಪುಷ್ಪದ ಎಲೆ ಜಜ್ಜಿ ರಸ ಕೊಟ್ರೆ ಆಗ್ತದಾ?"

ತಂಬುಳಿ ಮಾಡುವ ಊರು ನಮ್ಮದು. ಸೊಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ಆದರೆ ಇದು ಒಂದೆಲಗ ಅಲ್ಲ, ವಿಷದ ಗಿಡ. ಗಿಡದಲ್ಲಿ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳು ನೂರಕ್ಕೂ ಜಾಸ್ತಿ ಇವೆ. ನೂರಾರು ಕಿಲೋ ಒಣ ಎಲೆ ಶೋಧಿಸಿದರೂ ಈ ಔಷಧಿ ಒಂದೆರಡು ಗ್ರಾಂ ಸಿಕ್ಕಿದರೆ ಹೆಚ್ಚು. ಡಾಕ್ಟರು ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸುವುದಿಲ್ಲ, ಅದೂ ರಕ್ತನಾಳಕ್ಕೆ ಮಾತ್ರ. ಹೊರಗೆ ಸೋರಿದರೆ ಚರ್ಮವೇ ಸುಟ್ಟಂತಾಗುತ್ತದೆ. ರಸದಲ್ಲಿ ಆ ಅಳತೆ ಎಲ್ಲಿಂದ ತರುವುದು?

"ಬೇಡ ಅಕ್ಕ," ಅಂದೆ. "ಅದರ ಬದಲು ಮಗುವನ್ನು ನೋಡ್ತಾ ಇರಿ. ಬೆರಳು ಜೋಮು ಹಿಡೀತಿದ್ಯಾ, ನಡೆಯುವಾಗ ಎಡವುತ್ತಾನಾ, ಮಲ ಕಟ್ಟಿದ್ಯಾ? ಈ ಔಷಧಿಗೆ ಹಾಗಾಗ್ತದೆ. ಮುಂದಿನ ಇಂಜೆಕ್ಷನ್‌ವರೆಗೆ ಕಾಯದೆ ಡಾಕ್ಟರಿಗೆ ಹೇಳಲಿ."

ಅಕ್ಕ ಅಲ್ಲೇ ನಿಂತು ತಂಗಿಗೆ ಫೋನ್ ಹಚ್ಚಿದರು.