ಶುಲ್ಕದ ದರ ಗೊತ್ತುಮಾಡುವವರು ಯಾರು?

ಶ್ರೋತೃಗಳಿಗೆ ನಮಸ್ಕಾರ.

ಬ್ರಿಟನ್ನಿನ ಬಿಬಿಸಿ ಸಂಸ್ಥೆ ನಡೆಯುತ್ತಿರುವುದು ರಾಜಸನ್ನದಿನ, ಎಂದರೆ ಅರಸೊತ್ತಿಗೆಯ ಹೆಸರಿನಲ್ಲಿ ಕೊಡುವ ಅಧಿಕಾರಪತ್ರದ, ಆಧಾರದ ಮೇಲೆ. ಈಗಿರುವ ಸನ್ನದಿನ ಅವಧಿ 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಆಮೇಲೆ ಆ ಸಂಸ್ಥೆಗೆ ಹಣ ಎಲ್ಲಿಂದ ಬರಬೇಕು, ಮನೆಮನೆಯಿಂದ ವಸೂಲಾಗುವ ಲೈಸೆನ್ಸ್ ಶುಲ್ಕ ಉಳಿಯಬೇಕೇ ಬೇಡವೇ ಎಂಬ ಚರ್ಚೆ ಅಲ್ಲಿ ಬಿರುಸಾಗಿ ನಡೆದಿದೆ. ಕೆಲವರು ಶುಲ್ಕ ದುಬಾರಿಯಾಯಿತೆನ್ನುತ್ತಾರೆ, ಇನ್ನು ಕೆಲವರು ಬಿಬಿಸಿ ಪಕ್ಷಪಾತ ಮಾಡುತ್ತದೆನ್ನುತ್ತಾರೆ. ಆದರೆ ಆ ಶುಲ್ಕದ ದರವನ್ನು ಯಾರು ಗೊತ್ತುಮಾಡುತ್ತಾರೆ ಎಂಬ ಪ್ರಶ್ನೆ ಈ ಗದ್ದಲದಲ್ಲಿ ಹಿಂದೆ ಸರಿದುಬಿಡುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಬೇರು ಇರುವುದು ಅಲ್ಲಿಯೇ.

ಮೊದಲು ಶುಲ್ಕದ ಸ್ವರೂಪವನ್ನು ನೋಡೋಣ. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದ ಪ್ರಕಾರ ಒಂದು ಮನೆಗೆ ವರ್ಷಕ್ಕೆ 174 ಪೌಂಡ್ 50 ಪೆನ್ಸ್ ಆಗಿತ್ತು. ಯಾವುದೇ ವಾಹಿನಿಯನ್ನು ನೇರ ಪ್ರಸಾರದಲ್ಲಿ ನೋಡುವವರೂ ಬಿಬಿಸಿಯ ಐಪ್ಲೇಯರ್ ಎಂಬ ಅಂತರ್ಜಾಲ ಸೇವೆಯನ್ನು ಬಳಸುವವರೂ ಇದನ್ನು ಕಟ್ಟಬೇಕು. ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ನೆಲೆಸಿರುವ ನಮ್ಮ ಕನ್ನಡಿಗರು ಕನ್ನಡ ಧಾರಾವಾಹಿಯನ್ನು ಬಿಡುವಾದಾಗ ಆ್ಯಪ್‌ನಲ್ಲಿ ನೋಡಿದರೆ ಲೈಸೆನ್ಸ್ ಬೇಕಿಲ್ಲ. ಅದೇ ಮೊಬೈಲಿನಲ್ಲಿ ಟಿವಿ ವಾಹಿನಿಯ ಕ್ರಿಕೆಟ್ ಪಂದ್ಯವನ್ನು ನೇರವಾಗಿ ನೋಡಿದರೆ, ಅದು ಬಿಬಿಸಿಯದಲ್ಲದಿದ್ದರೂ, ಬೇಕು. ಇದು ಇಂದಿನ ಯುವಕರಿಗೆ ವಿಚಿತ್ರವೆನಿಸಬಹುದು. ನಮ್ಮ ಹಿರಿಯರಿಗೆ ಹಾಗೆನಿಸಲಾರದು. 1980ರ ದಶಕದ ಮಧ್ಯಭಾಗದವರೆಗೂ ನಮ್ಮಲ್ಲಿ ರೇಡಿಯೋ ಇದ್ದ ಮನೆಯಲ್ಲಿ ಲೈಸೆನ್ಸ್ ಪುಸ್ತಕ ಇರಲೇಬೇಕಿತ್ತು. ವರ್ಷಕ್ಕೊಮ್ಮೆ ಅದನ್ನು ಅಂಚೆ ಕಚೇರಿಗೆ ಒಯ್ದು, ಹಣ ಕಟ್ಟಿ, ಪುಟದ ಮೇಲೆ ರೇಡಿಯೋ ಲೈಸೆನ್ಸಿನ ಅಂಚೆಚೀಟಿ ಅಂಟಿಸಿಕೊಂಡು, ಅದರ ಮೇಲೆ ತಾರೀಖಿನ ಮುದ್ರೆ ಹಾಕಿಸಿಕೊಂಡು ಬರಬೇಕಿತ್ತು. ನವೀಕರಿಸದವರು ತಪಾಸಣೆಗೆ ಬರುವ ಇನ್‌ಸ್ಪೆಕ್ಟರಿಗೆ ಅಂಜುತ್ತಿದ್ದರು.

ಬ್ರಿಟನ್ನಿನಲ್ಲಿ ಈ ಪದ್ಧತಿ ಶುರುವಾದದ್ದು 1922ರಲ್ಲಿ, ವರ್ಷಕ್ಕೆ ಹತ್ತು ಷಿಲಿಂಗಿನಂತೆ. ಅದರ ಹಿಂದಿನ ವಿಚಾರ ಇಂದಿಗೂ ಗೌರವಕ್ಕೆ ಅರ್ಹವಾದದ್ದು. ಜಾಹೀರಾತಿನ ಹಣದಿಂದ ನಡೆಯುವ ಪ್ರಸಾರವು ಜಾಹೀರಾತುದಾರನ ಮುಖ ನೋಡಬೇಕಾಗುತ್ತದೆ, ಸರ್ಕಾರದ ಬೊಕ್ಕಸದಿಂದ ನಡೆಯುವ ಪ್ರಸಾರವು ಮಂತ್ರಿಯ ಮುಖ ನೋಡಬೇಕಾಗುತ್ತದೆ. ಕೇಳುಗನೇ ಹಣ ಕೊಟ್ಟರೆ ಅದು ಕೇಳುಗನಿಗೆ ಮಾತ್ರ ಉತ್ತರ ಹೇಳಿದರೆ ಸಾಕು. 1927ರ ಜನವರಿ 1ರಂದು ಬಿಬಿಸಿ ಖಾಸಗಿ ಕಂಪನಿಯ ರೂಪ ಬಿಟ್ಟು ಸಾರ್ವಜನಿಕ ನಿಗಮವಾದಾಗ ಅದರ ಮುಖ್ಯಸ್ಥರಾಗಿದ್ದ ಜಾನ್ ರೀತ್ ಈ ತತ್ವವನ್ನು ಗಟ್ಟಿಯಾಗಿ ನಂಬಿದ್ದರು.

ಆದರೆ ಅದಕ್ಕೆ ಕೆಲವೇ ತಿಂಗಳ ಮುಂಚೆ ನಡೆದದ್ದನ್ನು ಇಲ್ಲಿ ನೆನೆಯಲೇಬೇಕು. 1926ರ ಮೇ ತಿಂಗಳಲ್ಲಿ ಗಣಿ ಕಾರ್ಮಿಕರ ಬೆಂಬಲಕ್ಕೆ ದೇಶದಾದ್ಯಂತ ಮುಷ್ಕರ ಹೂಡಲಾಯಿತು. ಮುದ್ರಣಾಲಯದ ಕೆಲಸಗಾರರೂ ಅದರಲ್ಲಿ ಸೇರಿದ್ದರಿಂದ ಬಹುಪಾಲು ಪತ್ರಿಕೆಗಳು ನಿಂತುಹೋಗಿ, ಜನ ಸುದ್ದಿಗಾಗಿ ರೇಡಿಯೋದ ಮುಂದೆ ಕಿವಿಗೊಟ್ಟು ಕೂತರು. ಹಣಕಾಸು ಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್, ಬಿಬಿಸಿಯನ್ನು ಸರ್ಕಾರ ವಶಕ್ಕೆ ತೆಗೆದುಕೊಳ್ಳಬೇಕೆಂದು ಪಟ್ಟು ಹಿಡಿದರು. ಸರ್ಕಾರ ಹಾಗೆ ಮಾಡಲಿಲ್ಲ. ರೀತ್ ಸಂಸ್ಥೆಯನ್ನು ಉಳಿಸಿಕೊಂಡರು. ಉಳಿಸಿಕೊಂಡ ಬಗೆ ಮಾತ್ರ ನೋವು ತರುವಂಥದ್ದು. ಸಂಧಾನಕ್ಕೆ ಕರೆಕೊಡಲು ಮುಂದಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರ ಮನವಿಯನ್ನು ಕೂಡಲೇ ಪ್ರಸಾರ ಮಾಡಲಿಲ್ಲ. ವಿರೋಧ ಪಕ್ಷದ ನಾಯಕ ರಾಮ್ಸೆ ಮ್ಯಾಕ್‌ಡೊನಾಲ್ಡ್ ಮಾತಾಡಲು ಕೇಳಿದಾಗ ಅವಕಾಶ ಸಿಗಲಿಲ್ಲ. ಸರ್ಕಾರ ತಮ್ಮನ್ನು ವಶಪಡಿಸಿಕೊಳ್ಳಲಿಲ್ಲವೆಂದು ಹೇಳಿಕೊಳ್ಳಲು ಬಯಸುತ್ತದೆ, ಆದರೆ ತಾವು ನಿಜವಾಗಿ ನಿಷ್ಪಕ್ಷಪಾತವಾಗಿರುವುದಿಲ್ಲವೆಂಬ ನಂಬಿಕೆ ಅದಕ್ಕಿದೆ ಎಂಬ ಅರ್ಥದ ಮಾತನ್ನು ರೀತ್ ತಮ್ಮ ದಿನಚರಿಯಲ್ಲೇ ಬರೆದಿಟ್ಟರು. ಪ್ರಸಾರಕ್ಕೆ ಹಣ ಕೊಟ್ಟವರು ಕೇಳುಗರು. ಆದರೆ ಆ ಹಣ ಬರುವ ದಾರಿಯನ್ನು ತೆರೆಯುವ, ಮುಚ್ಚುವ ಅಧಿಕಾರ ಸರ್ಕಾರದ್ದಾಗಿತ್ತು. ಆ ಅಳುಕು ಯಾವ ಆದೇಶವೂ ಇಲ್ಲದೆ ಕೆಲಸ ಮಾಡಿತು.

ಪಕ್ಷಪಾತದ ಆರೋಪಕ್ಕೆ ಬಿಬಿಸಿಯ ಹಿತೈಷಿಗಳು ಹೇಳುವ ಉತ್ತರವೊಂದಿದೆ: ಎಡದವರೂ ಬಲದವರೂ ಬಯ್ಯುತ್ತಾರೆ, ಆದ್ದರಿಂದ ನಾವು ನಡುದಾರಿಯಲ್ಲಿದ್ದೇವೆ. ಇದನ್ನು ನಾನು ಒಪ್ಪುವುದಿಲ್ಲ. ಇಬ್ಬರಿಗೂ ಅನ್ಯಾಯ ಮಾಡಿದರೂ ಇಬ್ಬರೂ ಬಯ್ಯುತ್ತಾರೆ. ಒಂದೊಂದು ವರದಿಯನ್ನೂ ಬಿಡಿಯಾಗಿ ತೆಗೆದುಕೊಂಡು, ಹೇಳಿದ್ದು ನಿಜವೇ, ಹೇಳದೆ ಬಿಟ್ಟದ್ದೇನು ಎಂದು ಪರೀಕ್ಷಿಸುವುದೊಂದೇ ಸರಿಯಾದ ಮಾರ್ಗ. ಇರಾಕಿನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆಯೆಂದು ಹೇಳಿ ಯುದ್ಧದ ಸಮರ್ಥನೆಗೆ ಬ್ರಿಟಿಷ್ ಸರ್ಕಾರ 2002ರಲ್ಲಿ ಹೊರತಂದ ದಾಖಲೆಯಲ್ಲಿ ಉತ್ಪ್ರೇಕ್ಷೆಯಿದೆಯೆಂದು 2003ರಲ್ಲಿ ಬಿಬಿಸಿಯ ಬೆಳಗಿನ ರೇಡಿಯೋ ಕಾರ್ಯಕ್ರಮದಲ್ಲಿ ಬಂದ ವರದಿಯನ್ನು ನ್ಯಾಯಾಧೀಶ ಹಟನ್ ಅವರ ವಿಚಾರಣಾ ವರದಿ ತೀವ್ರವಾಗಿ ಖಂಡಿಸಿತು. 2004ರ ಜನವರಿಯಲ್ಲಿ ಸಂಸ್ಥೆಯ ಅಧ್ಯಕ್ಷರೂ ಮಹಾನಿರ್ದೇಶಕರೂ ರಾಜೀನಾಮೆ ಕೊಟ್ಟರು. ಇರಾಕಿನಲ್ಲಿ ಆ ಸಾಮೂಹಿಕ ವಿನಾಶದ ಅಸ್ತ್ರಗಳು ಮಾತ್ರ ಕೊನೆಗೂ ಸಿಗಲಿಲ್ಲ. 2025ರ ನವೆಂಬರಿನ ಪ್ರಕರಣ ಬೇರೆ ಬಗೆಯದು. ಅಮೆರಿಕದ ಅಧ್ಯಕ್ಷ ಟ್ರಂಪ್ 2021ರ ಜನವರಿ 6ರಂದು ಮಾಡಿದ ಭಾಷಣದ ಎರಡು ದೂರದ ತುಣುಕುಗಳನ್ನು ಒಂದೇ ಮಾತಿನಂತೆ ಜೋಡಿಸಿ ತೋರಿಸಿದ್ದು ಬಯಲಾಗಿ, ಮಹಾನಿರ್ದೇಶಕ ಟಿಮ್ ಡೇವಿ ಮತ್ತು ಸುದ್ದಿ ವಿಭಾಗದ ಮುಖ್ಯಸ್ಥೆ ಡೆಬೊರಾ ಟರ್ನೆಸ್ ರಾಜೀನಾಮೆ ಘೋಷಿಸಿದರು. ಆ ಜೋಡಣೆ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ತಪ್ಪಿಗೆ ತಲೆದಂಡ ತೆರಬೇಕಾದ ಸಂಸ್ಥೆ ಇದೆಯಲ್ಲ ಎಂಬುದೂ ಗಮನಿಸಬೇಕಾದ ಸಂಗತಿಯೇ. ಹಣ ಕೊಡುವವರೆಲ್ಲರಿಗೂ ಪ್ರಶ್ನಿಸುವ ಹಕ್ಕಿರುವುದರಿಂದ ಅದು ಸಾಧ್ಯವಾಗುತ್ತದೆ.

ಈಗ ದರದ ವಿಷಯ. ಅದನ್ನು ಗೊತ್ತುಮಾಡುವುದು ಸರ್ಕಾರವೇ. ಪ್ರಧಾನಿ ಮಾರ್ಗರೆಟ್ ಥ್ಯಾಚರರ ಕಾಲದಲ್ಲಿ ನೇಮಕವಾದ ಪೀಕಾಕ್ ಸಮಿತಿ ಬಿಬಿಸಿಗೆ ಜಾಹೀರಾತನ್ನು ತರುತ್ತದೆಂದು ಎಲ್ಲರೂ ಎಣಿಸಿದ್ದರು. 1986ರಲ್ಲಿ ಅದು ಜಾಹೀರಾತು ಬೇಡವೆಂದೂ ಶುಲ್ಕವನ್ನು ಬೆಲೆಯೇರಿಕೆಯ ಸೂಚ್ಯಂಕಕ್ಕೆ ಜೋಡಿಸಬೇಕೆಂದೂ ಹೇಳಿತು. ಮಂತ್ರಿಗಳ ಮರ್ಜಿಯಿಂದ ದರವನ್ನು ಬಿಡಿಸುವ ಸಲಹೆ ಅದು. ಮುಂದೆ ಬಂದ ಸರ್ಕಾರಗಳು ಆ ಹಾದಿಯಲ್ಲಿ ಉಳಿಯಲಿಲ್ಲ. 2010ರ ಅಕ್ಟೋಬರಿನಲ್ಲಿ ಕೆಲವೇ ದಿನಗಳ ಮಾತುಕತೆಯಲ್ಲಿ ಶುಲ್ಕವನ್ನು 145 ಪೌಂಡ್ 50 ಪೆನ್ಸಿಗೆ ವರ್ಷಗಟ್ಟಲೆ ಕಟ್ಟಿಹಾಕಿ, ಅದುವರೆಗೆ ವಿದೇಶಾಂಗ ಇಲಾಖೆ ಭರಿಸುತ್ತಿದ್ದ, ಹೊರದೇಶಗಳಿಗೆ ಪ್ರಸಾರ ಮಾಡುವ ವರ್ಲ್ಡ್ ಸರ್ವಿಸ್ ವಿಭಾಗದ ಖರ್ಚನ್ನೂ ಬಿಬಿಸಿಯ ಮೇಲೆ ಹೊರಿಸಲಾಯಿತು. 2015ರಲ್ಲಿ, 75 ವರ್ಷ ದಾಟಿದವರಿಗೆ ಸರ್ಕಾರವೇ ಕೊಡುತ್ತಿದ್ದ ಉಚಿತ ಲೈಸೆನ್ಸಿನ ಭಾರವನ್ನೂ ಅದಕ್ಕೇ ವರ್ಗಾಯಿಸಲಾಯಿತು. ಆ ಭಾರ ಹೊರಲಾಗದೆ ಬಿಬಿಸಿ 2020ರಲ್ಲಿ ಬಡ ಪಿಂಚಣಿದಾರರನ್ನು ಬಿಟ್ಟು ಉಳಿದ ವೃದ್ಧರಿಗೆ ಶುಲ್ಕ ವಿಧಿಸಿದಾಗ ಬೈಗುಳ ಬಿದ್ದದ್ದು ಬಿಬಿಸಿಗೆ, ಮಂತ್ರಿಗಳಿಗಲ್ಲ. 2022ರಲ್ಲಿ ಮತ್ತೆ ಎರಡು ವರ್ಷ ದರ ಏರದಂತೆ ತಡೆಯಲಾಯಿತು. ಇದರ ಬಿಸಿ ನಮ್ಮ ದೇಶಕ್ಕೂ ತಟ್ಟಿತು: ವರ್ಲ್ಡ್ ಸರ್ವಿಸ್‌ನ ವೆಚ್ಚ ಕಡಿತದ ಕಾಲದಲ್ಲಿ ಮೊಟಕುಗೊಂಡ ಹಿಂದಿ ಷಾರ್ಟ್‌ವೇವ್ ಪ್ರಸಾರ 2020ರ ಜನವರಿ ಕೊನೆಗೆ ಪೂರ್ತಿಯಾಗಿ ನಿಂತಿತು.

ಶುಲ್ಕದ ವಿರುದ್ಧ ಹೇಳುವವರ ಒಂದು ಮಾತು ನ್ಯಾಯವಾದದ್ದು. ಅರಮನೆಗೂ ಗುಡಿಸಲಿಗೂ ಒಂದೇ ದರ. ಕಟ್ಟದಿರುವುದು ಅಲ್ಲಿ ದಂಡನೀಯ ಅಪರಾಧ, ದಂಡ ಒಂದು ಸಾವಿರ ಪೌಂಡಿನವರೆಗೂ ಹೋಗಬಹುದು. ಶಿಕ್ಷೆಗೊಳಗಾಗುವವರಲ್ಲಿ ಬಹುಪಾಲು ಹೆಂಗಸರು, ಏಕೆಂದರೆ ತಪಾಸಣೆಗೆ ಬಂದವರು ಬಾಗಿಲು ತಟ್ಟುವ ಹೊತ್ತಿಗೆ ಮನೆಯಲ್ಲಿರುವವರು ಹೆಚ್ಚಾಗಿ ಅವರೇ. ಸುದ್ದಿಯ ಸ್ವಾತಂತ್ರ್ಯವನ್ನು ಬಡ ಹೆಣ್ಣುಮಗಳ ದಂಡದ ಹಣದಿಂದ ಕಾಯುವುದು ಯಾರಿಗೂ ಶೋಭೆಯಲ್ಲ.

ಹಾಗೆಂದು ಶುಲ್ಕವನ್ನೇ ಕಿತ್ತುಹಾಕಿದರೆ ಏನಾಗುತ್ತದೆ? ಫ್ರಾನ್ಸ್ 2022ರಲ್ಲಿ ತೆಗೆದುಹಾಕಿತು. ಅಲ್ಲಿನ ಸಾರ್ವಜನಿಕ ಪ್ರಸಾರ ಈಗ ತೆರಿಗೆ ಹಣಕ್ಕಾಗಿ ಬಜೆಟ್ಟಿನ ಕಡೆ ನೋಡಬೇಕು. ಸ್ವಿಟ್ಜರ್‌ಲೆಂಡಿನಲ್ಲಿ 2018ರ ಮಾರ್ಚ್ 4ರಂದು ಇದನ್ನು ಜನಮತಕ್ಕೆ ಹಾಕಿದಾಗ ಶೇಕಡಾ 70ಕ್ಕೂ ಹೆಚ್ಚು ಮಂದಿ ಶುಲ್ಕ ರದ್ದತಿಯನ್ನು ತಿರಸ್ಕರಿಸಿದರು. ಜರ್ಮನಿಯ ವ್ಯವಸ್ಥೆ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುತ್ತದೆ. ರೇಡಿಯೋ ಸರ್ಕಾರದ ಕೈಗೊಂಬೆಯಾದರೆ ಏನಾಗುತ್ತದೆಂಬುದನ್ನು ನಾಜಿ ಆಳ್ವಿಕೆಯಲ್ಲಿ ಕಂಡುಂಡ ದೇಶ ಅದು. ಅಲ್ಲಿ ಮನೆಗೊಂದು ಶುಲ್ಕವಿದೆ, ಬಡವರಿಗೆ ವಿನಾಯಿತಿಯಿದೆ, ಎಷ್ಟು ಹಣ ಬೇಕೆಂಬುದನ್ನು ಲೆಕ್ಕ ಹಾಕಿ ಶಿಫಾರಸು ಮಾಡಲು ಸ್ವತಂತ್ರ ಆಯೋಗವಿದೆ. 2020ರ ಕೊನೆಯಲ್ಲಿ ಸ್ಯಾಕ್ಸನಿ-ಅನ್ಹಾಲ್ಟ್ ಎಂಬ ಒಂದೇ ರಾಜ್ಯ ಒಪ್ಪಿಗೆ ಕೊಡದೆ ತಿಂಗಳಿಗೆ 86 ಸೆಂಟಿನ ಏರಿಕೆಯನ್ನು ತಡೆಹಿಡಿಯಿತು. 2021ರಲ್ಲಿ ಸಂವಿಧಾನ ನ್ಯಾಯಾಲಯ ಇದು ಪ್ರಸಾರ ಸ್ವಾತಂತ್ರ್ಯದ ಉಲ್ಲಂಘನೆಯೆಂದು ತೀರ್ಪಿತ್ತು, ದರವನ್ನು 18 ಯೂರೋ 36 ಸೆಂಟಿಗೆ ಏರಿಸಿತು.

ನಮ್ಮ ಕಡೆಗೆ ಬರೋಣ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಆಕಾಶವಾಣಿ ಎಂಬ ರೇಡಿಯೋ ಕೇಂದ್ರವನ್ನು ಆರಂಭಿಸಿದರು. ಕೆಲವು ವರ್ಷಗಳಲ್ಲಿ ಅದನ್ನು ಸಂಸ್ಥಾನದ ಸರ್ಕಾರ ವಹಿಸಿಕೊಂಡಿತು. ದೇಶದ ಪ್ರಸಾರವೂ ದಶಕಗಳ ಕಾಲ ಸರ್ಕಾರದ ಇಲಾಖೆಯಾಗಿಯೇ ಇತ್ತು. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಸಾವಿನ ಸುದ್ದಿಯನ್ನು ಬಿಬಿಸಿ ಹೇಳಿ ಗಂಟೆಗಳು ಕಳೆದ ಮೇಲೆ, ಸಂಜೆ, ನಮ್ಮ ರೇಡಿಯೋ ಹೇಳಿತು. ವಿಶೇಷವೆಂದರೆ ಆಗ ವರ್ಲ್ಡ್ ಸರ್ವಿಸ್‌ಗೆ ಬರುತ್ತಿದ್ದುದೂ ಸರ್ಕಾರದ ಹಣವೇ. ಹಣ ಕೊಟ್ಟವರು ಸುದ್ದಿಕೋಣೆಯಿಂದ ದೂರ ನಿಂತಿದ್ದರು, ಅಷ್ಟೇ ವ್ಯತ್ಯಾಸ. ತುರ್ತು ಪರಿಸ್ಥಿತಿಯ ಕಹಿ ಅನುಭವದ ನಂತರ ಬಿ.ಜಿ. ವರ್ಗೀಸ್ ಸಮಿತಿ 1978ರಲ್ಲಿ ಸ್ವಾಯತ್ತ ನ್ಯಾಸವೊಂದನ್ನು ಸೂಚಿಸಿತು. ಪ್ರಸಾರ ಭಾರತಿ ಕಾಯಿದೆ ಬಂದದ್ದು 1990ರಲ್ಲಿ, ಜಾರಿಯಾದದ್ದು 1997ರಲ್ಲಿ. ಈ ನಡುವೆ 1995ರಲ್ಲಿ ಸುಪ್ರೀಂ ಕೋರ್ಟು, ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸ್ಪಷ್ಟವಾಗಿ ಸಾರಿತ್ತು. ಕಾಯಿದೆ ಸ್ವಾಯತ್ತತೆಯ ಹೆಸರು ಕೊಟ್ಟಿತು. ಹಣ ಮಾತ್ರ ಸಚಿವಾಲಯದ ಮೂಲಕವೇ ಬರುತ್ತಿದೆ, ನೌಕರರ ಸಂಬಳದ ಬಹುಭಾಗ ಇಂದಿಗೂ ಕೇಂದ್ರದ ಅನುದಾನ.

ಅಂಚೆ ಕಚೇರಿಯ ಲೈಸೆನ್ಸ್ ಪುಸ್ತಕವನ್ನು ಮರಳಿ ತನ್ನಿರೆಂದು ನಾನು ಹೇಳುತ್ತಿಲ್ಲ. ಹಣ ತೆರಿಗೆಯಿಂದಲೇ ಬರಲಿ. ರಾಜ್ಯಗಳಿಗೆ ಸಲ್ಲಬೇಕಾದ ತೆರಿಗೆಯ ಪಾಲನ್ನು ಶಿಫಾರಸು ಮಾಡಲು ನಮ್ಮ ಸಂವಿಧಾನ ಐದು ವರ್ಷಕ್ಕೊಮ್ಮೆ ಹಣಕಾಸು ಆಯೋಗವನ್ನು ನೇಮಿಸಲು ವ್ಯವಸ್ಥೆ ಮಾಡಿದೆ. ಸಾರ್ವಜನಿಕ ಪ್ರಸಾರಕ್ಕೂ ಅಂಥದೊಂದು ಆಯೋಗ ಬೇಕು: ಐದು ವರ್ಷದ ಅಗತ್ಯವನ್ನು ಬಹಿರಂಗ ವಿಚಾರಣೆ ನಡೆಸಿ ಲೆಕ್ಕ ಹಾಕಲಿ, ವರದಿಯನ್ನು ನೇರವಾಗಿ ಸಂಸತ್ತಿನ ಮುಂದಿಡಲಿ, ಸಂಸತ್ತು ಒಪ್ಪಿದ ಮೊತ್ತ ಯಾವ ಸಚಿವಾಲಯದ ಮೇಜಿನ ಮೇಲೂ ನಿಲ್ಲದೆ ಪ್ರಸಾರ ಸಂಸ್ಥೆಗೆ ತಲುಪಲಿ, ಅವಧಿಯ ನಡುವೆ ಅದನ್ನು ಕಡಿತಗೊಳಿಸುವ ಅಧಿಕಾರ ಯಾವ ಮಂತ್ರಿಗೂ ಇಲ್ಲದಿರಲಿ.

ನಮಸ್ಕಾರ.