ಬೀಗದ ಕೈ ಇದೆ, ಬೀಗವೇ ಇಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಅಜ್ಜಿ ಪಾಂಡವಪುರದ ಕಡೆಯ ಹಳ್ಳಿಯವರು. ರಾಗಿ ಬೀಸುವ ಪದ, ಸೋಬಾನೆ ಪದ ಅಂದರೆ ಅವರಿಗೆ ಮಾತಾಡಿದಷ್ಟೇ ಸಲೀಸು. ಅವರ ಕೊನೆಯ ಎರಡು ವರ್ಷ, ಹಬ್ಬಕ್ಕೆ ಹೋದಾಗಲೆಲ್ಲ ಹಾಡಿಸಿ ಮೊಬೈಲಿನಲ್ಲಿ ತುಂಬಿಕೊಂಡು, ಮೈಸೂರಿಗೆ ಬಂದು ಒಂದು ಟೆರಾಬೈಟಿನ ಹಾರ್ಡ್ ಡಿಸ್ಕಿಗೆ ಹಾಕಿಡುತ್ತಿದ್ದೆ. ಬ್ಯಾಂಕಿನ ಕಾಗದ, ಆಧಾರ್, ಜಮೀನಿನ ಪಹಣಿ, ಇವುಗಳ ಸ್ಕ್ಯಾನ್ ಪ್ರತಿಗಳೂ ಅದರಲ್ಲೇ ಇದ್ದವು. ನಮ್ಮ ಬೀದಿಯ ಒಂದು ಮನೆಗೆ ಕಳ್ಳರು ನುಗ್ಗಿ ಲ್ಯಾಪ್‌ಟಾಪ್ ಹೊತ್ತೊಯ್ದ ಮೇಲೆ ನನಗೂ ಹೆದರಿಕೆ ಹತ್ತಿತು. ಇಡೀ ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕಿದೆ. ಎನ್‌ಕ್ರಿಪ್ಷನ್ ಅನ್ನುತ್ತಾರಲ್ಲ, ಅದು. ಪಾಸ್‌ವರ್ಡ್ ಬಾಯಿಪಾಠ ಮಾಡಿಕೊಂಡೆ. ಕಳ್ಳನ ವಿಷಯ ಯೋಚಿಸಿದ್ದೆ. ಡಿಸ್ಕು ತಾನಾಗಿಯೇ ಕೆಡಬಹುದು ಅನ್ನೋದನ್ನು ಯೋಚಿಸಿರಲಿಲ್ಲ.

ಐದನೇ ವರ್ಷಕ್ಕೆ ಅದು ತೆರೆದುಕೊಳ್ಳಲು ತಡ ಮಾಡತೊಡಗಿತು. ಆಮೇಲೆ ಒಳಗಿಂದ ಟಕ್ ಟಕ್ ಸದ್ದು. ಒಂದು ಬೆಳಿಗ್ಗೆ ಪಾಸ್‌ವರ್ಡ್ ಕೊಟ್ಟರೆ ಒಪ್ಪಲೇ ಇಲ್ಲ. ರಿಪೇರಿಯ ಹುಡುಗ ಎರಡು ದಿನ ಇಟ್ಟುಕೊಂಡು ನೋಡಿ ಹೇಳಿದ: "ಮೇಡಂ, ಡಿಸ್ಕಿನ ಹೆಚ್ಚುಪಾಲು ಓದೋಕೆ ಬರ್ತಿದೆ. ಆದ್ರೆ ಶುರುವಿನ ಭಾಗ ಹೋಗ್ಬಿಟ್ಟಿದೆ. ನಿಮ್ಮ ಹತ್ರ ಬೀಗದ ಕೈ ಇದೆ, ಬೀಗಾನೇ ಇಲ್ಲ."

ಆ ಮಾತು ಅರ್ಥವಾಗೋಕೆ ನನಗೆ ಸ್ವಲ್ಪ ಸಮಯ ಹಿಡಿಯಿತು. ನಾವು ಕೊಡುವ ಪಾಸ್‌ವರ್ಡು ನಮ್ಮ ಹಾಡು, ಫೋಟೋಗಳಿಗೆ ನೇರವಾಗಿ ಬೀಗ ಹಾಕುವುದಿಲ್ಲ. ಕಂಪ್ಯೂಟರು ತಾನೇ ಒಂದು ಉದ್ದನೆಯ ಕೀಲಿಯನ್ನು ಹುಟ್ಟಿಸಿ, ಅದರಿಂದ ಇಡೀ ಡಿಸ್ಕನ್ನು ಗೂಢಲಿಪಿಗೆ ತಿರುಗಿಸುತ್ತದೆ. ಆಮೇಲೆ ಆ ಕೀಲಿಯನ್ನು ಒಂದು ಪುಟ್ಟ ಪೆಟ್ಟಿಗೆಯಲ್ಲಿ ಇಡುತ್ತದೆ. ನಮ್ಮ ಪಾಸ್‌ವರ್ಡು ತೆರೆಯುವುದು ಆ ಪೆಟ್ಟಿಗೆಯನ್ನು ಮಾತ್ರ. ನನ್ನ ಕಂಪ್ಯೂಟರಿನಲ್ಲಿರುವುದು ವಿಂಡೋಸ್ ಬದಲು ಲಿನಕ್ಸ್, ನಾನು ಬಳಸಿದ್ದು ಅದರಲ್ಲಿ ಡಿಸ್ಕಿಗೆ ಬೀಗ ಹಾಕುವ ಲಕ್ಸ್ ಎಂಬ ವ್ಯವಸ್ಥೆ. ಅದರಲ್ಲಿ ಈ ಪೆಟ್ಟಿಗೆಗೆ ಹೆಡರ್ ಅಂತ ಹೆಸರು, ಜಾಗ ಡಿಸ್ಕಿನ ಶುರುವಿನಲ್ಲೇ. ಲಕ್ಸ್‌ನ 2ನೇ ಆವೃತ್ತಿ ಸಾಮಾನ್ಯವಾಗಿ ಇದಕ್ಕೆ 16 ಮೆಗಾಬೈಟ್ ಮೀಸಲಿಡುತ್ತದೆ. ಒಂದು ಟೆರಾಬೈಟಿನ ಲೆಕ್ಕದಲ್ಲಿ ಅದು ಸುಮಾರು 60,000ದಲ್ಲಿ ಒಂದು ಪಾಲು. ಪಾಸ್‌ವರ್ಡನ್ನು ಅಳಿಸಿದರೆ ಕುರುಹೂ ಉಳಿಯಬಾರದೆಂದು ಕೀಲಿಯನ್ನು 4000 ಪಟ್ಟಿಗಳಾಗಿ ಹರಡಿರುತ್ತಾರೆ. ಅದರಲ್ಲಿ ಒಂದು ಚೂರು ಕೆಟ್ಟರೂ ಕೀಲಿ ಮತ್ತೆ ಕೂಡಿಬರುವುದಿಲ್ಲ. ಡಿಸ್ಕಿನ ಬೇರೆಲ್ಲಾದರೂ ಕೆಟ್ಟರೆ ಅಲ್ಲೊಂದು ಹಾಡು, ಇಲ್ಲೊಂದು ಫೋಟೋ ಹೋದೀತು. ಹೆಡರ್ ಕೆಟ್ಟರೆ ಉಳಿದದ್ದೆಲ್ಲ ಇದ್ದೂ ಇಲ್ಲದ ಹಾಗೆ.

ನಮ್ಮ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿತಲ್ಲ, ಅದು ತಮಿಳುನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ಗ್ರಂಥ ಎಂಬ ಲಿಪಿಯಲ್ಲಿತ್ತು. ಓದಬಲ್ಲವರು ಇದ್ದರು, ಆದ್ದರಿಂದ 1909ರಲ್ಲಿ ಪುಸ್ತಕವಾಗಿ ನಮ್ಮ ಕೈಗೆ ಬಂತು. ನನ್ನ ಡಿಸ್ಕಿನಲ್ಲಿ ಗರಿಗಳೆಲ್ಲ ಹಾಗೇ ಇದ್ದವು, ಲಿಪಿ ಬಲ್ಲವರು ಮಾತ್ರ ಹೊರಟುಹೋಗಿದ್ದರು.

ಹೆಡರನ್ನು ಪ್ರತಿ ಮಾಡಿಟ್ಟುಕೊಳ್ಳುವುದು ಒಂದೇ ಆಜ್ಞೆಯ ಕೆಲಸ, ಅರ್ಧ ನಿಮಿಷ ಸಾಕು. ಆ ಪ್ರತಿ ಬೇರೆ ಪೆನ್‌ಡ್ರೈವಿನಲ್ಲಿರಲಿ, ಅದೇ ಡಿಸ್ಕಿನೊಳಗೆ ಬೇಡ. ಪಾಸ್‌ವರ್ಡ್ ಬದಲಿಸಿದರೆ ಹಳೆಯ ಪ್ರತಿಯನ್ನು ಅಳಿಸಿ ಹೊಸದು ಮಾಡಿ. ಯಾಕೆಂದರೆ ಹಳೆಯ ಹೆಡರ್ ಹಳೆಯ ಪಾಸ್‌ವರ್ಡಿಗೆ ಈಗಲೂ ಬಾಗಿಲು ತೆಗೆಯುತ್ತದೆ.

ವಿಂಡೋಸ್ ಬಳಸುವವರು ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ. ಈಚಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ನೀವು ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕ ಕೂಡಲೇ ಬೀಗ ತಾನಾಗಿಯೇ ಬಿದ್ದಿರುತ್ತದೆ. ಕೀಲಿಯನ್ನು ಕಾಯುವುದು ಮದರ್‌ಬೋರ್ಡಿನ ಒಂದು ಚಿಪ್ಪು. ಬೇಸಗೆಯ ಗುಡುಗು ಸಿಡಿಲಿಗೆ ಬೋರ್ಡು ಸುಟ್ಟರೆ, ಡಿಸ್ಕು ಗಟ್ಟಿಮುಟ್ಟಾಗಿದ್ದರೂ ಬೇರೆ ಕಂಪ್ಯೂಟರಿಗೆ ಹಾಕಿದಾಗ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಇವತ್ತೇ ನಿಮ್ಮ ಖಾತೆ ತೆರೆದು ಆ 48 ಅಂಕಿ ಬರೆದುಕೊಳ್ಳಿ. ಕಾಗದದ ಮೇಲೆ ಬರೆಯಿರಿ. ಪಾಸ್‌ವರ್ಡ್ ಬರೆದಿಡಬಾರದು ಎಂಬ ಮಾತು ಕಚೇರಿಗೆ ಸರಿ. ಮನೆಯ ಬೀರುವಿನಲ್ಲಿ, ಆಸ್ತಿಪತ್ರದ ಜೊತೆ ಒಂದು ಲಕೋಟೆಯಲ್ಲಿ ಇದ್ದರೆ ತಪ್ಪೇನಿಲ್ಲ. ನಾಳೆ ನಮಗೇನಾದರೂ ಆದರೆ ಮಕ್ಕಳ ಕೈಗೂ ಸಿಗಬೇಕಲ್ಲವೇ?

ಇಷ್ಟೆಲ್ಲ ಮಾಡಿದರೂ ಕೀಲಿ ಉಳಿದೀತೇ ಹೊರತು ಸುಟ್ಟ ಡಿಸ್ಕಿಗೆ ಜೀವ ಬರುವುದಿಲ್ಲ. ಎರಡನೇ ಡಿಸ್ಕು ಬೇಕೇ ಬೇಕು, ಅದೂ ಬೇರೆ ಮನೆಯಲ್ಲಿ. ನನ್ನದು ಇಲ್ಲಿಂದ ಸುಮಾರು 45 ಕಿಲೋಮೀಟರ್ ದೂರದ ಮಂಡ್ಯದಲ್ಲಿ, ಅಕ್ಕನ ಮನೆಯಲ್ಲಿದೆ. ಒಂದೇ ಕಂಪ್ಯೂಟರಿಗೆ ಎರಡು ಡಿಸ್ಕು ಜೋಡಿಸಿ, ಒಂದರಲ್ಲಿ ಆದದ್ದೆಲ್ಲ ಇನ್ನೊಂದರಲ್ಲೂ ತಾನಾಗಿಯೇ ಆಗುವ ಹಾಗೆ ಮಾಡಿ ನೆಮ್ಮದಿಯಾಗಿರುವವರಿದ್ದಾರೆ. ಒಂದರಲ್ಲಿ ತಪ್ಪಿ ಅಳಿಸಿದ್ದು ಇನ್ನೊಂದರಲ್ಲೂ ಆ ಕ್ಷಣವೇ ಅಳಿಯುತ್ತದೆ, ಅದನ್ನು ನಾನು ಪ್ರತಿ ಅನ್ನುವುದಿಲ್ಲ. ಪ್ರತಿ ಇದೆ ಎಂದ ಮಾತ್ರಕ್ಕೆ ನಂಬಬೇಡಿ, ತೆರೆದು ನೋಡಿ. ನಾವು ಆಯುಧಪೂಜೆಯ ದಿನ ಗಾಡಿ, ಕುಡುಗೋಲು ತೊಳೆದು ಕುಂಕುಮ ಇಡುವಾಗಲೇ ಈ ಕೆಲಸವನ್ನೂ ಮಾಡುತ್ತೇವೆ: ಲಕೋಟೆಯ ಕಾಗದ ನೋಡಿಕೊಂಡೇ ಪಾಸ್‌ವರ್ಡ್ ಒತ್ತಿ, ನಾಲ್ಕು ಕಡತ ತೆರೆದು, ಒಂದು ಹಾಡು ಪೂರ್ತಿ ಕೇಳುತ್ತೇವೆ.

ನಾನು ತಡವಾಗಿ ಕೇಳಿಕೊಂಡ ಪ್ರಶ್ನೆ ಒಂದಿದೆ. ಅಜ್ಜಿಯ ಹಾಡಿಗೆ ಬೀಗ ಯಾಕೆ ಬೇಕಿತ್ತು? ಪಹಣಿ, ಆಧಾರ್ ಕಳ್ಳನ ಕೈಗೆ ಸಿಕ್ಕರೆ ಕೇಡು, ಸರಿ. ಹಾಡು ನಾಲ್ಕು ಜನರ ಕೈಗೆ ಸಿಕ್ಕರೆ ಯಾರಿಗೆ ನಷ್ಟ? ಎರಡನ್ನೂ ಒಂದೇ ಪೆಟ್ಟಿಗೆಗೆ ಹಾಕಿದ್ದೇ ನನ್ನ ತಪ್ಪು. ಈಗ ಕಾಗದಪತ್ರಕ್ಕೆ ಬೀಗ ಇದೆ. ಫೋಟೋ, ಹಾಡುಗಳ ಒಂದು ಪ್ರತಿ ಬೀಗವಿಲ್ಲದೆ ಅಕ್ಕನ ಬೀರುವಿನಲ್ಲಿದೆ, ಇನ್ನೊಂದು ಮಾವನ ಮಗಳ ಹತ್ತಿರ.

ಅಜ್ಜಿ ಹಾಡಿದ್ದು ನಲವತ್ತಕ್ಕೂ ಹೆಚ್ಚು. ಉಳಿದದ್ದು ಮೂರು, ಅವನ್ನು ಯಾವಾಗಲೋ ಮಾವನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದೆ. ಮೂರನೆಯದು ಅರ್ಧ. ಬೀಸುವ ಪದದ ನಡುವೆ ಅಜ್ಜಿ ಹಾಡು ನಿಲ್ಲಿಸಿ, "ಸಾಕೇನ್ ಮಗಾ?" ಅನ್ನುತ್ತಾರೆ. "ಇನ್ನೊಂದು ನುಡಿ ಹೇಳವ್ವಾ" ಅನ್ನುವ ನನ್ನ ದನಿ ಕೇಳುತ್ತದೆ, ಅಲ್ಲಿಗೆ ಮುಗಿಯುತ್ತದೆ.

ನಮಸ್ಕಾರ.